ಮೋನಾ ಕೈಯಾರೆ ಕೆಟ್ಟಳೇ?

ಇಂಗ್ಲಿಷಿನ 'ಸೆಲ್ಫ್-ಡಿಸ್ಟ್ರಕ್ಟಿವ್' ಎಂಬ ಪದಕ್ಕೆ ಕನ್ನಡದಲ್ಲಿ ಏನನ್ನುವುದು? ನಿಘಂಟಿನ ದಾರಿ ಹಿಡಿದರೆ 'ಆತ್ಮವಿನಾಶಕ', 'ಸ್ವಯಂನಾಶಕಾರಿ' ಎಂಬಂಥ, ಯಾರ ಬಾಯಲ್ಲೂ ತಿರುಗದ ಪದಗಳು ಸಿಗುತ್ತವೆ. ಮನೆಮಾತಿನ ಕಡೆ ಹೋದರೆ ಪದಗಳಿಗೆ ಬರವಿಲ್ಲ. ಕೈಯಾರೆ ಕೆಟ್ಟಳು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಳು. ಒಳ್ಳೇದು ಹೇಳಿದರೆ ಕೇಳಲಿಲ್ಲ, ಅನುಭವಿಸಲಿ. ನಾನು ಚಿಕ್ಕಂದಿನಿಂದ ಕೇಳಿದ ಹಾಗೆ, ಗಂಡಸು ಕೆಟ್ಟಾಗ ಅವನ ಜೊತೆಗೆ ಒಂದು ಕಾರಣವನ್ನೂ ಸೇರಿಸಿ ಹೇಳುತ್ತಾರೆ: ಕುಡಿತದಿಂದ ಕೆಟ್ಟ, ಸಹವಾಸದಿಂದ ಕೆಟ್ಟ, ಪಾಪ, ಬೆಳೆ ಹೋಗಿ ಕೆಟ್ಟ. ಹೆಂಗಸು ಕೆಟ್ಟಾಗ ಮಾತ್ರ ಆ ಜಾಗದಲ್ಲಿ ಅವಳೇ ಕೂತಿರುತ್ತಾಳೆ. ಕೆಟ್ಟವಳೂ ಅವಳೇ, ಕೆಡಿಸಿದವಳೂ ಅವಳೇ. ವಿಚಾರಣೆ ಮುಗಿಯಿತು.

ನನ್ನ ಪಿಎಚ್.ಡಿ. ಪ್ರಬಂಧದ ಒಂದು ಅಧ್ಯಾಯ ಇಂಥ ಮಾತುಗಳ ಸುತ್ತಲೇ ಸುತ್ತುತ್ತದೆ. ತಮ್ಮನ್ನು ತಾವೇ ನಾಶದ ಕಡೆ ಒಯ್ಯುವ ಹೆಣ್ಣುಗಳ ಕಥೆ ಹೇಳುವ ಫ್ರೆಂಚ್ ಸಿನಿಮಾಗಳ ಬಗ್ಗೆ ವಿಮರ್ಶಕರು ಏನು ಬರೆದರು, ಯಾವ ಪದಗಳಲ್ಲಿ ಬರೆದರು ಎಂಬುದು ನನ್ನ ವಿಷಯ. ನಾನು ಹಿಡಿದುಕೊಂಡದ್ದು ಮೂರು ಸಿನಿಮಾ. 1975ರ ತ್ರುಫೋ ಚಿತ್ರ 'ಅದೆಲ್ ಎಚ್.ಳ ಕಥೆ', 1985ರ ಆನ್ಯೆಸ್ ವಾರ್ದಾ ಚಿತ್ರ 'ಸಾಂ ತ್ವಾ ನಿ ಲ್ವಾ', 1986ರ ಬೆನೆಕ್ಸ್ ಚಿತ್ರ 'ಬೆಟಿ ಬ್ಲೂ'. ಮೂರರ ಮೇಲೂ ಬರೆದವರು ಬಹಳ. ಆದರೆ ನಡುವಿನದರ ಬಗ್ಗೆ ಓದುವಾಗ ಮಾತ್ರ ನನಗೆ ವಿಚಿತ್ರವಾದ ಅನುಭವವಾಗುತ್ತದೆ. ವಿಮರ್ಶೆಯನ್ನು ಓದುತ್ತಿದ್ದೇನೋ ಅಥವಾ ಸಿನಿಮಾದೊಳಗಿನ ಇನ್ನೊಂದು ಪಾತ್ರದ ಹೇಳಿಕೆಯನ್ನು ಓದುತ್ತಿದ್ದೇನೋ ಎಂದು ಗೊಂದಲವಾಗುತ್ತದೆ.

ಯಾಕೆ ಅಂತ ಹೇಳಬೇಕಾದರೆ ಸಿನಿಮಾ ಶುರುವಾಗುವ ಬಗೆಯನ್ನು ಹೇಳಬೇಕು. ದಕ್ಷಿಣ ಫ್ರಾನ್ಸಿನ ಚಳಿಗಾಲ. ಎಲೆ ಉದುರಿಸಿ ಬೋಳಾಗಿ ನಿಂತ ದ್ರಾಕ್ಷಿ ತೋಟಗಳು. ತೋಟದ ಕೆಲಸಗಾರನೊಬ್ಬ ಕಾಲುವೆಯಂಥ ಹಳ್ಳದಲ್ಲಿ ಒಂದು ಹೆಣ ನೋಡುತ್ತಾನೆ. ಹದಿಹರೆಯ ದಾಟಿದ ಹುಡುಗಿ, ಚಳಿಗೆ ಹೆಪ್ಪುಗಟ್ಟಿ ಸತ್ತಿದ್ದಾಳೆ. ಪೊಲೀಸರು ಬರುತ್ತಾರೆ, ಅಳೆಯುತ್ತಾರೆ, ಬರೆದುಕೊಳ್ಳುತ್ತಾರೆ. ಸಹಜ ಸಾವು ಎಂದು ಕಡತ ಮುಚ್ಚುತ್ತದೆ. ಆಗ ಪರದೆಯ ಹಿಂದಿನಿಂದ ಒಂದು ಹೆಣ್ಣುಧ್ವನಿ ಕೇಳುತ್ತದೆ. ಅದು ವಾರ್ದಾ ಅವರದೇ ಧ್ವನಿ. ಈ ಹುಡುಗಿಯನ್ನು ಇತ್ತೀಚೆಗೆ ಕಂಡವರನ್ನು ಮಾತಾಡಿಸಿದೆ, ಅವಳ ಬಗ್ಗೆ ನನಗೂ ಹೆಚ್ಚು ತಿಳಿಯದು, ಸಮುದ್ರದಿಂದ ಎದ್ದು ಬಂದವಳ ಹಾಗೆ ನನಗೆ ತೋರುತ್ತದೆ ಎಂಬ ಅರ್ಥದ ನಾಲ್ಕು ಮಾತು. ಅಲ್ಲಿಂದ ಕಥೆ ಹಿಂದಕ್ಕೆ ಸರಿದು ಅವಳ ಕೊನೆಯ ಕೆಲವು ವಾರಗಳನ್ನು ತೋರಿಸುತ್ತದೆ. ಅವಳ ಹೆಸರು ಮೋನಾ. ಆ ಪಾತ್ರ ಮಾಡಿದ ಸಾಂದ್ರಿನ್ ಬೊನೇರ್‌ಗೆ ಆಗ ಹದಿನೇಳೋ ಹದಿನೆಂಟೋ ವರ್ಷ. ಮೋನಾ ದಾರಿಯಲ್ಲಿ ಕಾರುಗಳಿಗೆ ಕೈ ಅಡ್ಡ ಹಿಡಿದು ಹತ್ತುತ್ತಾಳೆ, ಡೇರೆ ಹಾಕಿ ಮಲಗುತ್ತಾಳೆ, ಸಿಕ್ಕ ಕೆಲಸ ಮಾಡುತ್ತಾಳೆ, ಬೇಡವೆನಿಸಿದಾಗ ಬಿಡುತ್ತಾಳೆ. ಹಿಂದೆ ಯಾವುದೋ ಕಚೇರಿಯಲ್ಲಿ ಟೈಪಿಂಗ್ ಕೆಲಸ ಮಾಡಿದ್ದಳು, ಮೇಲಿನವರ ದರ್ಪ ಸಹಿಸಲಾಗಲಿಲ್ಲ, ಬಿಟ್ಟು ಬಂದಳು. ಅವಳ ಪೂರ್ವಾಪರ ನಮಗೆ ಸಿಗುವುದು ಇಷ್ಟೇ.

ಉಳಿದದ್ದನ್ನು ಅವಳನ್ನು ಕಂಡವರು ಹೇಳುತ್ತಾರೆ. ಕೆಲವರು ಕ್ಯಾಮೆರಾವನ್ನೇ ನೋಡುತ್ತಾ ಹೇಳಿಕೆ ಕೊಡುತ್ತಾರೆ. ಅವರಲ್ಲಿ ಹಲವರು ನಟರಲ್ಲ, ಆ ಊರುಗಳ ಜನರೇ. ಕೈಪಂಪಿನಿಂದ ನೀರು ಹಿಡಿದುಕೊಟ್ಟ ಮನೆಯ ಹುಡುಗಿ, ಊಟದ ಮೇಜಿನಲ್ಲಿ ಕೂತು, ನನಗೂ ಅವಳ ಹಾಗೆ ಬೇಕಾದ ಕಡೆ ಹೋಗುವ ಆಸೆ ಅನ್ನುತ್ತಾಳೆ. ಅವಳಿಗೆ ದಿನಾ ಮಧ್ಯಾಹ್ನ ಊಟ ಹಾಕುವವರು ಇರಲಿಕ್ಕಿಲ್ಲ ಎಂದು ತಾಯಿ ನೆನಪಿಸುತ್ತಾಳೆ. ಒಬ್ಬ ಗ್ಯಾರೇಜಿನವನು ಅವಳಿಂದ ಕಾರು ತೊಳೆಸಿದ್ದ. ಅಲೆಯುವ ಹುಡುಗಿಯರೆಲ್ಲ ಒಂದೇ, ಗಂಡಸರ ಹಿಂದೆ ಬೀಳುವವರು ಎಂದು ಅವನ ತೀರ್ಪು. ಅವಳ ಡೇರೆಯೊಳಗಿಂದ ಅವನು ಹೊರಗೆ ಬಂದದ್ದನ್ನು ನಾವು ಆಗಲೇ ನೋಡಿದ್ದೇವೆ. ಯೋಲಾಂದ್ ಎಂಬ ಮನೆಗೆಲಸದವಳು, ಪಾಳುಬಂಗಲೆಯಲ್ಲಿ ಮೋನಾ ಒಬ್ಬ ಹುಡುಗನ ಪಕ್ಕ ಮಲಗಿದ್ದನ್ನು ನೋಡಿ, ಅದನ್ನೇ ಪ್ರೀತಿಯ ಪರಮ ಚಿತ್ರವನ್ನಾಗಿ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾಳೆ. ತನ್ನ ಪ್ರಿಯಕರನಿಂದ ಅವಳಿಗೆ ಸಿಗದೇ ಇದ್ದದ್ದು ಅದು. ಹೀಗೆ ಹೇಳಿಕೆ ಕೊಟ್ಟ ಒಬ್ಬೊಬ್ಬರೂ ಮೋನಾಳ ಬಗ್ಗೆ ಮಾತಾಡುತ್ತಾ ತಮ್ಮ ಮನೆಯ ಬಾಗಿಲನ್ನೇ ತೆರೆದು ತೋರಿಸುತ್ತಾರೆ. ಮೋನಾ ಮಾತ್ರ ಹಾಗೇ ಉಳಿಯುತ್ತಾಳೆ.

ಸಿನಿಮಾ 1985ರ ಸೆಪ್ಟೆಂಬರಿನಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಚಿನ್ನದ ಸಿಂಹ ಪ್ರಶಸ್ತಿ ಪಡೆಯಿತು. ಬೊನೇರ್‌ಗೆ ಮರುವರ್ಷ ಅತ್ಯುತ್ತಮ ನಟಿಯೆಂದು ಸೆಸಾರ್ ಪ್ರಶಸ್ತಿ ಬಂತು. ಸೋತ ಅಥವಾ ಉಪೇಕ್ಷೆಗೆ ಒಳಗಾದ ಸಿನಿಮಾ ಅಲ್ಲ ಇದು; ವಾರ್ದಾ ಅವರ ಕಥಾಚಿತ್ರಗಳಲ್ಲಿ ಜನ ಹೆಚ್ಚು ನೋಡಿದ್ದು ಇದನ್ನೇ. ಆದ್ದರಿಂದ ನನ್ನ ತಕರಾರು ವಿಮರ್ಶಕರು ಇದನ್ನು ಹೊಗಳಲಿಲ್ಲ ಎಂದಲ್ಲ. ಹೊಗಳುವಾಗಲೂ ತೆಗಳುವಾಗಲೂ ಅವರು ಕೂತ ಜಾಗ ಯಾವುದು ಎಂಬುದೇ ನನಗೆ ಮುಖ್ಯ.

ಪಕ್ಕದ ಎರಡು ಸಿನಿಮಾಗಳನ್ನು ಇಟ್ಟು ನೋಡಿದರೆ ಇದು ಸುಲಭವಾಗಿ ಕಾಣುತ್ತದೆ. ಅದೆಲ್ ಅಂದರೆ ವಿಕ್ಟರ್ ಹ್ಯೂಗೋನ ಮಗಳು. ತನ್ನನ್ನು ಬೇಡವೆಂದ ಒಬ್ಬ ಸೈನ್ಯಾಧಿಕಾರಿಯನ್ನು ಹಿಂಬಾಲಿಸಿ ಅಟ್ಲಾಂಟಿಕ್ ದಾಟಿ ಹ್ಯಾಲಿಫ್ಯಾಕ್ಸಿಗೆ, ಅಲ್ಲಿಂದ ಬಾರ್ಬಡೋಸಿಗೆ ಹೋದವಳು. ಕೊನೆಗೆ ದಶಕಗಳ ಕಾಲ ಆಸ್ಪತ್ರೆಯ ಗೋಡೆಗಳ ನಡುವೆ ಬದುಕಿ 1915ರಲ್ಲಿ ತೀರಿಕೊಂಡವಳು. ಆ ಪಾತ್ರ ಮಾಡಿದ ಇಸಬೆಲ್ ಅಜಾನಿಗೆ ಆಗಿನ್ನೂ ಇಪ್ಪತ್ತು, ಆಸ್ಕರ್ ನಾಮನಿರ್ದೇಶನವಾಯಿತು. ನ್ಯೂಯಾರ್ಕರ್ ಪತ್ರಿಕೆಯ ಪೌಲೀನ್ ಕೇಲ್ ಥರದ, ಸುಲಭಕ್ಕೆ ಒಲಿಯದ ವಿಮರ್ಶಕಿ ಕೂಡ ಆ ಚಿತ್ರವನ್ನು ಮನಸಾರೆ ಮೆಚ್ಚಿದರು. ಬೆಟಿಯ ಕಥೆ ಬೇರೆ. ಬೆಂಕಿಯಂಥ ಹುಡುಗಿ, ಪ್ರಿಯಕರ ಬರೆದು ಬದಿಗಿಟ್ಟ ಕಾದಂಬರಿ ಲೋಕಕ್ಕೆ ತಿಳಿಯಲೇಬೇಕೆಂದು ಹಟ ಹಿಡಿದವಳು, ಕೊನೆಗೆ ತನ್ನ ಕಣ್ಣನ್ನೇ ಕಿತ್ತುಕೊಂಡು ಆಸ್ಪತ್ರೆ ಸೇರುವವಳು. ಅವಳ ಮುಖಕ್ಕೆ ದಿಂಬು ಒತ್ತಿ ಕೊಂದ ಪ್ರಿಯಕರ ಮನೆಗೆ ಬಂದು ಬರೆಯಲು ಕೂರುತ್ತಾನೆ. ಫ್ರಾನ್ಸಿನಲ್ಲಿ ಅದನ್ನು ಲಕ್ಷಾಂತರ ಜನ ನೋಡಿದರು. ಅಮೆರಿಕದ ರಾಜರ್ ಈಬರ್ಟ್ ಮಾತ್ರ, ಹುಚ್ಚು ಪ್ರೇಮ, ಉನ್ಮಾದ ಎಂದೆಲ್ಲ ಗಂಭೀರವಾಗಿ ಮಾತಾಡುವವರು ಈ ಸಿನಿಮಾದ ನಿಜವಾದ ಆಸಕ್ತಿ ನಟಿಯ ಬೆತ್ತಲೆ ಮೈಯಲ್ಲಿದೆ ಎಂಬುದನ್ನು ಮರೆಯುತ್ತಿದ್ದಾರೆ ಎಂಬರ್ಥದಲ್ಲಿ ಗೇಲಿ ಮಾಡಿ ಕೈತೊಳೆದುಕೊಂಡರು.

ಅದೆಲ್‌ಗೂ ಬೆಟಿಗೂ ವಿಮರ್ಶೆಯಲ್ಲಿ ಒಂದು ಗೌರವದ ಪದ ಸಿಕ್ಕಿದೆ, ಪ್ರೇಮೋನ್ಮಾದ. ಗಂಡಸೊಬ್ಬನನ್ನು ನಡುವೆ ನಿಲ್ಲಿಸಿದರೆ ಹೆಣ್ಣಿನ ನಾಶಕ್ಕೆ ಒಂದು ಘನತೆ ಬಂದುಬಿಡುತ್ತದೆ. ಯಾಕೆ ಹಾಳಾದಳು ಎಂದರೆ ಪ್ರೀತಿಗಾಗಿ. ಮೋನಾಳ ಕಥೆಯಲ್ಲಿ ಆ ನಡುವಿನ ಜಾಗ ಖಾಲಿ. ಅವಳು ಯಾರಿಗಾಗಿಯೂ ನಡೆಯುತ್ತಿಲ್ಲ, ಯಾರಿಂದಲೂ ಓಡುತ್ತಿಲ್ಲ. ಅತ್ತು ಹಗುರಾಗುವುದಿಲ್ಲ, ಬೈದು ಲೋಕಕ್ಕೆ ಬುದ್ಧಿ ಹೇಳುವುದಿಲ್ಲ, ಕೊಟ್ಟದ್ದಕ್ಕೆ ಥ್ಯಾಂಕ್ಸ್ ಕೂಡ ಹೇಳುವುದಿಲ್ಲ. ಮೈ ವಾಸನೆ ಬರುತ್ತದೆ. ಸಿನಿಮಾದಲ್ಲಿ ಎಲ್ಲರೂ ಆ ವಾಸನೆಯ ಬಗ್ಗೆ ಮಾತಾಡುತ್ತಾರೆ. ಇಂಥವಳಿಗೆ ಪ್ರೇಮೋನ್ಮಾದದ ಪದ ಹೊಂದುವುದಿಲ್ಲ. ಆಗ ಉಳಿಯುವುದು ಆ ಮೊದಲ ಪದವೇ. ತಾನಾಗೇ ಹಾಳಾದವಳು.

ಈ ತೀರ್ಪು ಮೊದಲು ಬಂದದ್ದು ವಿಮರ್ಶಕರಿಂದಲ್ಲ, ಸಿನಿಮಾದೊಳಗಿನ ಒಬ್ಬ ಕುರುಬನಿಂದ. ಆ ಪಾತ್ರ ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳನ್ನು ಚುಚ್ಚುವಂಥದ್ದು. ಅವನು ತತ್ತ್ವಶಾಸ್ತ್ರ ಓದಿ, ಅದನ್ನು ಬಿಟ್ಟು, ಹೆಂಡತಿ ಮಗುವಿನೊಂದಿಗೆ ಬೆಟ್ಟದ ಮೇಲೆ ಆಡು ಸಾಕಿಕೊಂಡು ಬದುಕುತ್ತಿರುವವನು. ಮೋನಾಳಿಗೆ ಇರಲು ಒಂದು ಹಳೇ ಕ್ಯಾರವಾನ್ ಕೊಡುತ್ತಾನೆ, ಆಲೂಗಡ್ಡೆ ಬೆಳೆಯುವ ಆಸೆ ಎಂದಿದ್ದಕ್ಕೆ ಒಂದಿಷ್ಟು ನೆಲವನ್ನೂ ಕೊಡುತ್ತಾನೆ. ಅವಳು ಕೆಲಸ ಮಾಡದೆ ಮಲಗುತ್ತಾಳೆ. ಅವನು ಗದರುತ್ತಾನೆ. ಓದಿದವನಾಗಿಯೂ ನೀನು ಹೀಗೆ ಕೊಳಕಿನಲ್ಲಿ ಇದ್ದೀಯಲ್ಲ ಎಂಬರ್ಥದಲ್ಲಿ ಅವಳು ತಿರುಗಿ ಚುಚ್ಚುತ್ತಾಳೆ. ಅವಳು ಹೋದ ಮೇಲೆ ಅವನು ಕೊಡುವ ಹೇಳಿಕೆ ಈ ಸಿನಿಮಾದ ಬಗ್ಗೆ ಬರೆದವರೆಲ್ಲ ಎತ್ತಿಕೊಳ್ಳುವ ಮಾತು. ತಾನು ಯಾವುದಕ್ಕೂ ಬಾರದವಳು ಎಂದು ತೋರಿಸಿ, ತಾನು ಒಲ್ಲೆನೆಂದ ವ್ಯವಸ್ಥೆಗೇ ಅವಳು ಸಹಾಯ ಮಾಡುತ್ತಿದ್ದಾಳೆ. ಇದು ಅಲೆದಾಟವಲ್ಲ, ತಪ್ಪು ಎನ್ನುತ್ತಾನೆ.

ವಿಭಾಗದ ಗೆಳೆಯರಿಗೆ ಈ ಸಿನಿಮಾ ತೋರಿಸಬೇಕೆಂದು ಕನ್ನಡ ಸಬ್‌ಟೈಟಲ್ ಮಾಡಲು ಕೂತಾಗ ನಾನು ಎರಡು ದಿನ ಸಿಕ್ಕಿಬಿದ್ದದ್ದು ಈ ಸಾಲಿನ ಮುಂದೆ. ಫ್ರೆಂಚಿನಲ್ಲಿ ಅಲೆದಾಟಕ್ಕೆ 'ಎರಾಂಸ್', ತಪ್ಪಿಗೆ 'ಎರೇರ್'. ಎರಡೂ ಒಂದೇ ಬೇರಿನ ಪದಗಳು, ಕಿವಿಗೆ ಅಕ್ಕತಂಗಿಯರ ಹಾಗೆ ಕೇಳುತ್ತವೆ. ಇಂಗ್ಲಿಷ್ ಸಬ್‌ಟೈಟಲ್ ಮಾಡಿದವರು ಆ ಪ್ರಾಸವನ್ನು ಉಳಿಸಲು 'ವಾಂಡರಿಂಗ್' ಜೊತೆ 'ವಿದರಿಂಗ್' ಇಟ್ಟರು. ಪ್ರಾಸ ಉಳಿಯಿತು, ಅರ್ಥ ಪಕ್ಕಕ್ಕೆ ಸರಿಯಿತು. ಫ್ರೆಂಚ್ ಕುರುಬ, ನೀನು ತಪ್ಪು ಮಾಡಿದೆ ಎನ್ನುತ್ತಾನೆ. ಇಂಗ್ಲಿಷ್ ಕುರುಬ, ನೀನು ಬಾಡುತ್ತಿದ್ದೀಯೆ ಎನ್ನುತ್ತಾನೆ. ಮೊದಲನೆಯದು ಮೇಷ್ಟರ ಮಾತು, ಎರಡನೆಯದು ವೈದ್ಯರ ಮಾತು. ಇಂಗ್ಲಿಷ್ ಸಬ್‌ಟೈಟಲಿನಲ್ಲಿ ಸಿನಿಮಾ ನೋಡಿ ಬರೆದವರ ಕೈಗೆ ಸಿಕ್ಕಿದ್ದು ಬಾಡುವ ಮೋನಾ. ತನ್ನೊಳಗಿನ ಯಾವುದೋ ರೋಗದಿಂದ ತಾನಾಗೇ ಒಣಗುವ ಹೆಣ್ಣು. ಒಂದು ಪ್ರಾಸಕ್ಕಾಗಿ ಆದ ಬದಲಾವಣೆ ಎಷ್ಟು ದೂರ ಹೋಗಬಲ್ಲದು! ಕನ್ನಡದಲ್ಲಿ ನನಗೂ ಒಂದು ಆಮಿಷವಿತ್ತು. 'ಇದು ಅಲೆತವಲ್ಲ, ಅಳಿವು' ಎಂದು ಬರೆದರೆ ಕಿವಿಗೆ ಹಿತ. ಕೊನೆಗೆ 'ಇದು ಅಲೆದಾಟವಲ್ಲ, ದಾರಿ ತಪ್ಪಿದ್ದು' ಎಂದು ಬರೆದೆ. ಅದರಲ್ಲಿ ಪ್ರಾಸವಿಲ್ಲ. ಆದರೆ ನಮ್ಮಲ್ಲೂ ಹೆಣ್ಣುಮಕ್ಕಳಿಗೆ ಮೇಷ್ಟರ ಗತ್ತಿನಲ್ಲಿ ಹೇಳುವ ಮಾತು ಅದೇ ಆಗಿರುವುದರಿಂದ, ಕುರುಬನ ದನಿ ಕೇಳಿಸುತ್ತದೆ.

ಬಾಡುವ ವಿಷಯಕ್ಕೆ ಬಂದರೆ, ಈ ಸಿನಿಮಾದಲ್ಲಿ ನಿಜವಾಗಿಯೂ ಬಾಡುತ್ತಿರುವ ಇನ್ನೊಂದು ಜೀವವಿದೆ. ಪ್ಲಾತಾನ್ ಮರ. ದಕ್ಷಿಣ ಫ್ರಾನ್ಸಿನ ರಸ್ತೆಗಳ ಎರಡೂ ಬದಿಗೆ ಸಾಲಾಗಿ ನಿಂತಿರುವ, ನಮ್ಮ ಸಾಲುಮರಗಳ ಹಾಗೆ ದಾರಿಗೆ ನೆರಳು ಕೊಡುವ ಮರ. ಮೋನಾಳನ್ನು ಕಾರಿಗೆ ಹತ್ತಿಸಿಕೊಳ್ಳುವ ಮೇಡಂ ಲಾಂದಿಯೇ ಈ ಮರಗಳ ರೋಗದ ತಜ್ಞೆ. ಮಾಶಾ ಮೆರಿಲ್ ಆ ಪಾತ್ರವನ್ನು ಮಾಡಿದ್ದಾರೆ. ಅವಳು ಮೋನಾಳಿಗೆ ರೋಗದ ಚರಿತ್ರೆ ವಿವರಿಸುತ್ತಾಳೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಸೈನ್ಯ ಬಂದಿಳಿದಾಗ ಅವರ ಮದ್ದುಗುಂಡಿನ ಮರದ ಪೆಟ್ಟಿಗೆಗಳ ಜೊತೆ ಒಂದು ಶಿಲೀಂಧ್ರವೂ ಬಂತು. ಅದು ಮರದ ಗಾಯಗಳ ಮೂಲಕ ಒಳಹೊಕ್ಕು ನೀರು ಏರುವ ನಾಳಗಳನ್ನು ಕಟ್ಟಿಹಾಕಿ ಮರವನ್ನು ಕೊಲ್ಲುತ್ತದೆ. ಇದು ಕಥೆಗಾಗಿ ಹೆಣೆದದ್ದಲ್ಲ. ಆ ರೋಗ ಇಂದಿಗೂ ಇದೆ. 2006ರಲ್ಲಿ ಕನಾಲ್ ದು ಮಿದಿ ಎಂಬ ಹಳೆಯ ಕಾಲುವೆಯ ದಂಡೆಯಲ್ಲಿ ಅದು ಕಾಣಿಸಿಕೊಂಡ ಮೇಲೆ ಸಾವಿರಾರು ಮರಗಳನ್ನು ಕಡಿದು ಸುಟ್ಟಿದ್ದಾರೆ.

ಒಂದು ಮರ ಸಾಯುತ್ತಿದೆ ಎಂದಾಗ ಅದಕ್ಕೊಬ್ಬ ತಜ್ಞೆ ಇದ್ದಾಳೆ, ವಿಚಾರ ಸಂಕಿರಣ ಇದೆ, ಸಂಕಿರಣದ ಕೊನೆಗೆ ಶಾಂಪೇನ್ ಇದೆ. ರೋಗ ಎಲ್ಲಿಂದ, ಯಾರ ಪೆಟ್ಟಿಗೆಯಲ್ಲಿ, ಯಾವಾಗ ಬಂತು ಎಂಬ ಲೆಕ್ಕ ಇದೆ. ಆ ಮರ ಕೈಯಾರೆ ಕೆಟ್ಟಿತು ಎಂದು ಯಾರೂ ಅನ್ನುವುದಿಲ್ಲ. ಅದೇ ಕಾರಿನ ಪಕ್ಕದ ಸೀಟಿನಲ್ಲಿ ಕೂತ ಹುಡುಗಿಯ ವಿಷಯದಲ್ಲಿ ಮಾತ್ರ ಅಂಥ ಲೆಕ್ಕ ಯಾರಲ್ಲೂ ಇಲ್ಲ. ಲಾಂದಿಯೇ ಕೆಟ್ಟವಳಲ್ಲ. ಊಟ ಕೊಡಿಸುತ್ತಾಳೆ, ಸಂಕಿರಣದ ಶಾಂಪೇನ್ ತಂದು ಕುಡಿಸುತ್ತಾಳೆ, ಕೊನೆಗೆ ಕೈಗಿಷ್ಟು ದುಡ್ಡು ಕೊಟ್ಟು ಕಾಡಿನಂಚಿನಲ್ಲಿ ಇಳಿಸಿ ಹೋಗುತ್ತಾಳೆ. ಆ ಕಾಡಿನಲ್ಲಿ ಮೋನಾಳ ಮೇಲೆ ಅತ್ಯಾಚಾರವಾಗುತ್ತದೆ. ಕ್ಯಾಮೆರಾ ಅದನ್ನು ತೋರಿಸದೆ ಪಕ್ಕಕ್ಕೆ ಸರಿಯುತ್ತದೆ. ಮುಂದೊಂದು ದಿನ ಸ್ನಾನದ ಮನೆಯಲ್ಲಿ ಕರೆಂಟ್ ಹೊಡೆದು ಸಾವಿನ ಅಂಚಿಗೆ ಹೋಗಿ ಬಂದಾಗ ಲಾಂದಿಯೇಗೆ ಆ ಹುಡುಗಿ ನೆನಪಾಗುತ್ತಾಳೆ. ಹುಡುಕಿಕೊಂಡು ಬಾ ಎಂದು ಸಹಾಯಕನನ್ನು ಕಳಿಸುತ್ತಾಳೆ. ಆ ಸಹಾಯಕ ಮೋನಾಳನ್ನು ರೈಲು ನಿಲ್ದಾಣದಲ್ಲಿ ನೋಡುತ್ತಾನೆ. ಅವಳಾಗಲೇ ನೋಡಬಾರದ ಸ್ಥಿತಿಯಲ್ಲಿದ್ದಾಳೆ. ಅವನು ಹತ್ತಿರ ಹೋಗುವುದಿಲ್ಲ.

ಇಲ್ಲಿ ನನ್ನ ಸಮೀಪದ ಒಂದು ಸಂಗತಿ ಹೇಳಬೇಕು. ನನಗಿಂತ ಮೂರು ವರ್ಷ ಮುಂಚೆ ಸಂಶೋಧನೆಗೆ ಸೇರಿದ್ದ ಅಕ್ಕ ಒಬ್ಬರು ಹಾಸ್ಟೆಲಿನಲ್ಲಿ ನನ್ನ ಪಕ್ಕದ ಕೋಣೆಯಲ್ಲಿದ್ದರು. ಐದನೇ ವರ್ಷದಲ್ಲಿ, ಮುಕ್ಕಾಲು ಪ್ರಬಂಧ ಬರೆದಾದ ಮೇಲೆ, ಒಂದು ಸೋಮವಾರ ಕೋಣೆ ಖಾಲಿ ಮಾಡಿಕೊಂಡು ಹೋದರು. ಪುಸ್ತಕಗಳನ್ನು ನನ್ನ ಬಾಗಿಲ ಮುಂದೆ ಜೋಡಿಸಿಟ್ಟಿದ್ದರು. ಆಮೇಲಿನ ತಿಂಗಳುಗಳಲ್ಲಿ ಕ್ಯಾಂಟೀನಿನಲ್ಲಿ, ಗ್ರಂಥಾಲಯದ ಮೆಟ್ಟಿಲ ಮೇಲೆ ನಾನು ಕೇಳಿದ್ದು ಒಂದೊಂದೂ ಒಂದು ಹೇಳಿಕೆ. ಸಿಟ್ಟು ಜಾಸ್ತಿ ಇತ್ತು ಬಿಡ್ರೀ. ಯಾರೋ ಇದ್ದನಂತೆ. ಓದೋದು ಬಿಟ್ಟು ಊರುಸಾಬರಿ ಮಾಡ್ತಿದ್ಲು. ಗೈಡ್ ಜೊತೆ ಹೊಂದಿಕೊಂಡು ಹೋಗೋಕೇನಾಗಿತ್ತು? ಕೊನೆಯಲ್ಲಿ ಎಲ್ಲರದೂ ಒಂದೇ ಷರಾ. ಅಷ್ಟು ಬುದ್ಧಿವಂತೆ, ತನ್ನ ಕೈಯಾರೆ ಹಾಳಾದಳು ನೋಡು. ಆ ವರ್ಷ ಹದಿಮೂರು ತಿಂಗಳು ಅವರ ಫೆಲೋಶಿಪ್ ಹಣ ಬಂದಿರಲಿಲ್ಲ. ಯಾವುದೋ ಮೇಜಿನ ಮೇಲೆ ಒಂದು ಸಹಿಗಾಗಿ ಕಾಗದ ಕೂತಿತ್ತು. ಮೆಸ್ ಬಾಕಿಗೆ ಅವರು ಕೈಬಳೆ ಅಡವಿಟ್ಟಿದ್ದರು. ಆ ಚೀಟಿ ನನಗೆ ಕೊಟ್ಟ ಪುಸ್ತಕವೊಂದರಲ್ಲಿ ಇತ್ತು. ಹೇಳಿಕೆ ಕೊಟ್ಟ ಯಾರಿಗೂ ಈ ವಿಷಯ ತಿಳಿಯದೇ ಇರಲಿಲ್ಲ. ಹಣ ಬಾರದ ಸಂಗತಿ ಕಾಲೇಜಿಗೆಲ್ಲ ಗೊತ್ತಿತ್ತು. 'ಕೈಯಾರೆ' ಎಂಬ ಪದ ಬಂದ ಕೂಡಲೇ ಆ ಸಂಗತಿ ಕಥೆಯಿಂದ ಜಾರಿ ಹೋಗುತ್ತಿತ್ತು, ಅಷ್ಟೇ.

ಆಮೇಲೆ ಅವರು ಫೋನ್ ಮಾಡಿದ್ದರು. ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾರೆ. ಯಾಕೆ ಬಿಟ್ಟಿರಿ ಅಕ್ಕಾ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹಣ ಬಾರದೇ ಇದ್ದದ್ದೇ ಏಕೈಕ ಕಾರಣ ಎಂದು ನಾನೂ ಒಂದು ತೀರ್ಪು ಕೊಟ್ಟರೆ ಅದು ಆ ಮೆಟ್ಟಿಲ ಮೇಲಿನ ಹೇಳಿಕೆಗಳ ಸಾಲಿಗೇ ಸೇರುತ್ತದೆ. ಹದಿಮೂರು ತಿಂಗಳು ಎಂಬ ಅಂಕಿ ಮಾತ್ರ ನನ್ನ ಬಳಿ ಇದೆ. ಅದನ್ನು ಕಥೆಯಿಂದ ಬೀಳಗೊಡುವುದಿಲ್ಲ ಎಂಬುದಷ್ಟೇ ನನ್ನ ಹಟ.

ಮೋನಾಳ ವಿಷಯದಲ್ಲಿ ಈ ಹಟ ಇನ್ನೂ ಕಷ್ಟದ್ದು. ಏಕೆಂದರೆ 'ತಾನಾಗೇ ಹಾಳಾದವಳು' ಎಂಬ ತೀರ್ಪಿಗೆ ಎದುರಾಗಿ ಇನ್ನೊಂದು ಓದು ಬಂದಿದೆ, ಅದು ನನಗೆ ಪ್ರಿಯವಾದ ಓದು ಕೂಡ. 1990ರಲ್ಲಿ ಬಂದ ಸ್ಯಾಂಡಿ ಫ್ಲಿಟರ್‌ಮನ್-ಲೂಯಿಸ್ ಅವರ ಪುಸ್ತಕ, ಅದೇ ವರ್ಷ ಪ್ರಕಟವಾದ ಸೂಸನ್ ಹೇವರ್ಡ್ ಅವರ ಪ್ರಬಂಧ, ಇವು ಈ ಸಿನಿಮಾವನ್ನು ಸ್ತ್ರೀವಾದಿ ವಿಮರ್ಶೆಯ ನಡುಮನೆಗೆ ತಂದವು. ಸಿನಿಮಾ ಹೆಣ್ಣನ್ನು ನೋಡುವ ವಾಡಿಕೆಯ ಬಗೆಯನ್ನೇ ವಾರ್ದಾ ಇಲ್ಲಿ ಪ್ರಶ್ನೆಗೆ ಒಡ್ಡುತ್ತಾರೆ, ಯಾರ ನೋಟಕ್ಕೂ ಮೋನಾ ಒಗ್ಗುವುದಿಲ್ಲ, ಅವಳ ಕೊಳಕೇ ಅವಳ ನಿರಾಕರಣೆ ಎಂಬ ದಿಕ್ಕಿನ ಓದು. ಇದನ್ನು ಮೊದಲು ಓದಿದ ರಾತ್ರಿ ನಿದ್ದೆ ಬಂದಿರಲಿಲ್ಲ. ವಾಸನೆಯನ್ನು ವಾದವಾಗಿ ಓದಬಹುದು ಎಂದು ನನಗೆ ಕಲಿಸಿದವರು ಇವರು. ಆದರೆ ಈ ಓದನ್ನು ಒಂದು ಹೆಜ್ಜೆ ಮುಂದಕ್ಕೆ ಎಳೆದರೆ ಮೋನಾ ಪ್ರತಿಭಟನೆಯ ಧ್ವಜವಾಗುತ್ತಾಳೆ. ಕೈಪಂಪಿನ ಹುಡುಗಿಯ ಆಸೆಯೂ ಅದೇ, ನನಗೂ ಹಾಗೆ ಇರಬೇಕು ಎಂಬುದು. ಧ್ವಜಕ್ಕೆ ಚಳಿಯಾಗುವುದಿಲ್ಲ. ಮೋನಾಳಿಗೆ ಆಗುತ್ತದೆ. ಅವಳ ಬೂಟಿನ ಜಿಪ್ ಹಾಳಾಗಿ ಬಾಯಿ ಬಿಟ್ಟುಕೊಳ್ಳುವುದನ್ನು, ಉಳಿದುಕೊಂಡ ಪಾಳುಮನೆಗೆ ಬೆಂಕಿ ಬಿದ್ದು ಸಾಮಾನು ಹೋಗುವುದನ್ನು, ಕೊನೆಗೆ ಒಂದು ಕಂಬಳಿ ಹೊದ್ದು ನಡುಗುತ್ತಾ ರೊಟ್ಟಿ ಹುಡುಕಿಕೊಂಡು ಹಳ್ಳಿಯೊಂದಕ್ಕೆ ಬರುವುದನ್ನು ವಾರ್ದಾ ಒಂದೊಂದಾಗಿ ತೋರಿಸುತ್ತಾರೆ.

ಸಿನಿಮಾ ಮುಗಿದ ಮೇಲೆ ನಡೆದ ಚರ್ಚೆಯಲ್ಲಿ ಗೆಳತಿಯೊಬ್ಬಳು ಅಕ್ಕಮಹಾದೇವಿಯ ಹೆಸರು ಎತ್ತಿದಳು. ಕನ್ನಡದವರಿಗೆ ಅದು ತಕ್ಷಣ ಹೊಳೆಯುವ ಹೋಲಿಕೆ. ಮನೆ ತೊರೆದು, ಉಡುಗೆ ತೊರೆದು, ನಡೆದು ಹೋದ ಹೆಣ್ಣು. ಆದರೆ ಅಕ್ಕ ಹೊರಟದ್ದು ಒಬ್ಬನ ಕಡೆಗೆ. ಅವನ ಹೆಸರು ಅವಳ ಪ್ರತಿ ವಚನದ ಅಂಕಿತದಲ್ಲಿದೆ. ದಾರಿಯಲ್ಲಿ ಅವಳನ್ನು ಪ್ರಶ್ನಿಸಿದವರಿಗೆ ಅವಳಲ್ಲಿ ಉತ್ತರವಿತ್ತು. ಬಿಟ್ಟು ಹೋದವರು ಎಲ್ಲಿಗೋ ಮುಟ್ಟಬೇಕು ಎಂಬ ಆಸೆಯನ್ನು ನಮ್ಮ ಮನಸ್ಸು ಸುಲಭಕ್ಕೆ ಬಿಡುವುದಿಲ್ಲ. ಬಿಟ್ಟದ್ದಕ್ಕೆ ಬೆಲೆ ಬರುವುದು ಮುಟ್ಟಿದ್ದರಿಂದ. ಮೋನಾ ಎಲ್ಲಿಗೂ ಮುಟ್ಟುವುದಿಲ್ಲ. ಅವಳ ಬಾಯಲ್ಲಿ ಯಾವ ಅಂಕಿತವೂ ಇಲ್ಲ. ಸಿನಿಮಾದ ಹೆಸರೇ ಹಾಗಿದೆ. ಫ್ರೆಂಚಿನಲ್ಲಿ ನಂಬಿಕೆಯೂ ಇಲ್ಲ ನೇಮವೂ ಇಲ್ಲ ಎಂಬ ಒಂದು ಹಳೆಯ ನುಡಿಗಟ್ಟಿದೆ. ವಾರ್ದಾ ಅದರಲ್ಲಿ ಒಂದು ಅಕ್ಷರ ಬದಲಿಸಿ, 'ಫ್ವಾ' ಇದ್ದಲ್ಲಿ 'ತ್ವಾ' ಇಟ್ಟು, ಸೂರೂ ಇಲ್ಲ ನೇಮವೂ ಇಲ್ಲ ಎಂದು ಮಾಡಿದರು. ನಂಬಿಕೆಯ ಜಾಗದಲ್ಲಿ ಸೂರು ಬಂದು ಕೂತಿತು. ನನ್ನ ಮಟ್ಟಿಗೆ ಇಡೀ ಸಿನಿಮಾದ ವಾದ ಆ ಒಂದು ಅಕ್ಷರದಲ್ಲಿದೆ. ಈ ಹುಡುಗಿ ಏನನ್ನು ನಂಬಿದ್ದಳು ಎಂದು ಕೇಳಬೇಡಿ, ರಾತ್ರಿ ಎಲ್ಲಿ ಮಲಗಿದಳು ಎಂದು ಕೇಳಿ.

ಈಬರ್ಟ್ ಈ ಚಿತ್ರಕ್ಕೆ ಪೂರ್ತಿ ನಾಲ್ಕು ನಕ್ಷತ್ರ ಕೊಟ್ಟು ಬರೆದ ವಿಮರ್ಶೆಯಲ್ಲಿ ಇದಕ್ಕೆ ಹತ್ತಿರದ ಒಂದು ಮಾತಿದೆ. ನಿರ್ದೇಶಕಿಯ ಬಳಿ ನೀತಿಕಥೆ ಇಲ್ಲ, ಮಾಹಿತಿ ಮಾತ್ರ ಇದೆ ಎಂಬರ್ಥದ ಮಾತು. ಆ ಮಾಹಿತಿಯನ್ನು ಒಂದು ಮಧ್ಯಾಹ್ನ ಕೂತು ಪಟ್ಟಿ ಮಾಡಿದೆ. ಮೋನಾ ಎಲ್ಲೆಲ್ಲಿ ಮಲಗಿದಳು, ಅಲ್ಲಿಂದ ಯಾಕೆ ಎದ್ದಳು. ಕುರುಬನ ಕ್ಯಾರವಾನು: ಕೆಲಸ ಮಾಡದ್ದಕ್ಕೆ. ಅಸ್ಸೂನ್ ಎಂಬ ಟುನೀಷಿಯಾದ ಕೂಲಿಯವನ ಕೋಣೆ: ಊರಿಗೆ ಹೋಗಿದ್ದ ಅವನ ಜೊತೆಗಾರರು ಮರಳಿ ಬಂದು ಹೆಂಗಸು ಬೇಡವೆಂದದ್ದಕ್ಕೆ. ಯೋಲಾಂದ್ ಕೆಲಸಕ್ಕಿದ್ದ ಮುದುಕಿಯ ಮನೆ: ಮೋನಾ ಮತ್ತು ಮುದುಕಿ ಬ್ರಾಂದಿ ಕುಡಿದು ಹೊಟ್ಟೆ ತುಂಬ ನಕ್ಕದ್ದಕ್ಕೆ. ಸಿನಿಮಾದಲ್ಲಿ ಆ ಮುದುಕಿ ಅಷ್ಟು ನಕ್ಕದ್ದು ಅದೊಂದೇ ಸಲ. ಪಟ್ಟಿಯಲ್ಲಿ ಮೋನಾ ತಾನಾಗಿ ಒದ್ದು ಬಂದ ಬಾಗಿಲುಗಳೂ ಇವೆ, ಒಳಗಿನಿಂದ ಮುಚ್ಚಿದವೂ ಇವೆ. ಕುರುಬ ಕೊಟ್ಟ ನೆಲ ನಿಜವಾದ ನೆಲ. ಅವಳು ಅದನ್ನು ಒಲ್ಲೆ ಎಂದದ್ದೂ ನಿಜ. ಇದನ್ನು ಮರೆಮಾಚಿ ಅವಳನ್ನು ಬರೀ ಬಲಿಪಶು ಮಾಡಲು ವಾರ್ದಾ ಬಿಡುವುದಿಲ್ಲ. ಹಾಗಾದರೆ ಕೇಳಬೇಕಾದ ಪ್ರಶ್ನೆ ಇದು: ಚಳಿಯಿಂದ ಸಾಯದೇ ಇರಲು ಒಬ್ಬಳು ಒಳ್ಳೆಯವಳಾಗಿರಬೇಕೇ? ದುಡಿಯುವವಳು, ತೊಳೆದುಕೊಂಡವಳು, ಕೃತಜ್ಞಳು, ಕೇಳಿದ್ದಕ್ಕೆ ಉತ್ತರ ಕೊಡುವವಳು ಆಗಿದ್ದರೆ ಮಾತ್ರ ಒಂದು ಹಾಸಿಗೆಯೇ? ಅವಳ ಸ್ವಭಾವ ಅವಳದು. ಹಳ್ಳದಲ್ಲಿ ಹೆಪ್ಪುಗಟ್ಟಿದ್ದು ಸ್ವಭಾವವಲ್ಲ, ಮೈ.

ವಾರ್ದಾ ಕ್ಯಾಮೆರಾ ಈ ಪ್ರಶ್ನೆಯನ್ನು ಮಾತಿಲ್ಲದೆ ಕೇಳುತ್ತದೆ. ಸಿನಿಮಾದುದ್ದಕ್ಕೂ ಹನ್ನೆರಡರಷ್ಟು ದೀರ್ಘ ಚಲನೆಯ ಶಾಟುಗಳಿವೆ. ಎಲ್ಲವೂ ಬಲದಿಂದ ಎಡಕ್ಕೆ, ಅಂದರೆ ಫ್ರೆಂಚರೂ ನಾವೂ ಓದುವ ದಿಕ್ಕಿಗೆ ಎದುರಾಗಿ. ಹಿನ್ನೆಲೆಯಲ್ಲಿ ಜೊಆನಾ ಬ್ರುಜ್ದೊವಿಚ್ ಅವರ ತಂತಿವಾದ್ಯಗಳು. ಕ್ಯಾಮೆರಾ ಯಾವುದೋ ವಸ್ತುವಿನಿಂದ ಹೊರಡುತ್ತದೆ, ಮೋನಾ ಸಿಗುತ್ತಾಳೆ, ಸ್ವಲ್ಪ ದೂರ ಜೊತೆಗೆ ಸಾಗುತ್ತದೆ, ಆಮೇಲೆ ಅವಳನ್ನು ಬಿಟ್ಟು ಮುಂದಕ್ಕೆ ಹೋಗಿ ಒಂದು ಬೇಲಿಯ ಮೇಲೋ ನೇಗಿಲ ಮೇಲೋ ನಿಲ್ಲುತ್ತದೆ. ಮುಂದಿನ ಶಾಟು ಅಂಥದೇ ಇನ್ನೊಂದು ವಸ್ತುವಿನಿಂದ ಶುರು. ನಡುವೆ ಹತ್ತು ನಿಮಿಷದ ಅಂತರ. ಒಂದೇ ಸಲ ನೋಡಿದವರಿಗೆ ಆ ಕೊಂಡಿ ಕಾಣುವುದು ಕಷ್ಟ. ಈ ಕ್ಯಾಮೆರಾ ಅವಳನ್ನು ಬೆನ್ನಟ್ಟುವುದಿಲ್ಲ, ಹಿಡಿದು ನಿಲ್ಲಿಸುವುದಿಲ್ಲ, ಅವಳು ಹಿಂದೆ ಉಳಿದದ್ದನ್ನು ಮುಚ್ಚಿಡುವುದೂ ಇಲ್ಲ. ನಾವೆಲ್ಲ ಮಾಡುವುದನ್ನೇ ಮಾಡುತ್ತದೆ. ಜೊತೆಗೆ ನಾಲ್ಕು ಹೆಜ್ಜೆ, ಆಮೇಲೆ ನಮ್ಮ ದಾರಿ. ವ್ಯತ್ಯಾಸವೆಂದರೆ ಹಾಗೆ ದಾಟಿ ಹೋದದ್ದು ಪರದೆಯ ಮೇಲೆ ಹನ್ನೆರಡು ಸಲ ದಾಖಲಾಗುತ್ತದೆ.

ಹೇಳಿಕೆ ಕೊಡುವವರ ಸಾಲಿನಲ್ಲಿ ಒಬ್ಬನೇ ಒಬ್ಬ ಏನೂ ಹೇಳುವುದಿಲ್ಲ. ಅಸ್ಸೂನ್. ಬಳ್ಳಿ ಸವರುವ ಕೂಲಿಯವನು, ಬೇರೆ ದೇಶದವನು, ಜೊತೆಗಾರರ ಮಾತು ಮೀರಲಾರದೆ ಅವಳನ್ನು ಹೊರಗೆ ಕಳಿಸಿದವನು. ಅವನ ಸರದಿ ಬಂದಾಗ ಅವನು ಮೋನಾ ಬಿಟ್ಟು ಹೋದ ಕೆಂಪು ಶಾಲನ್ನು ಮೂಗಿಗೆ ಹಿಡಿದು, ಕ್ಯಾಮೆರಾವನ್ನು ನೋಡುತ್ತಾ ಸುಮ್ಮನೆ ನಿಲ್ಲುತ್ತಾನೆ. ಎಲ್ಲರೂ ಮೂಗು ಮುಚ್ಚಿಕೊಂಡ ವಾಸನೆಯನ್ನು ಅವನು ಉಸಿರಿಗೆ ಎಳೆದುಕೊಳ್ಳುತ್ತಾನೆ. ಇಡೀ ಸಿನಿಮಾದಲ್ಲಿ ಮೋನಾಳನ್ನು ಕಳೆದುಕೊಂಡವನು ಎನ್ನಬಹುದಾದವನು ಅವನೊಬ್ಬನೇ, ಮತ್ತು ಅವನಲ್ಲಿ ತೀರ್ಪಿಲ್ಲ.

ವಿಮರ್ಶೆ ಬರೆಯುವವರಿಗೆ ಆ ಮೌನ ದಕ್ಕುವುದಿಲ್ಲ. ನಮ್ಮ ಕೆಲಸವೇ ಹೇಳಿಕೆ ಕೊಡುವುದು; ಪುಟ ತುಂಬಬೇಕು, ಅಧ್ಯಾಯ ಮುಗಿಯಬೇಕು, ವೈವಾದಲ್ಲಿ ಕೂತವರು ಹಾಗಾದರೆ ನಿಮ್ಮ ನಿಲುವೇನಮ್ಮಾ ಎಂದು ಕೇಳುತ್ತಾರೆ. ಅವರಿಗೆ ಕೊಡಲು ನನ್ನ ಬಳಿ ಈಗ ಇರುವುದು ಮಲಗಿದ ಜಾಗಗಳ ಆ ಪಟ್ಟಿ. ಯಾವ ಬಾಗಿಲು, ಯಾರು ತೆರೆದರು, ಯಾರು ಮುಚ್ಚಿದರು, ಆ ರಾತ್ರಿ ಅವಳ ಮೈಮೇಲೆ ಏನಿತ್ತು. ಪಟ್ಟಿಯ ಕೊನೆಯ ಸಾಲಿನಲ್ಲಿ ಒಂದು ಹಬ್ಬವಿದೆ. ದ್ರ���ಕ್ಷಾರಸದ ಗಸಿಯನ್ನು ಮೈಗೆಲ್ಲ ಬಳಿದುಕೊಂಡ ಗಂಡಸರು ಸಿಕ್ಕವರಿಗೆಲ್ಲ ಅದನ್ನು ಮೆತ್ತುತ್ತಾ ಬೀದಿಯಲ್ಲಿ ಓಡುವ ಹಬ್ಬ. ಊರವರಿಗೆ ಅದು ಗೊತ್ತು, ಬಾಗಿಲು ಹಾಕಿಕೊಂಡಿದ್ದಾರೆ. ರೊಟ್ಟಿಗೆಂದು ಬಂದ ಮೋನಾಳಿಗೆ ಗೊತ್ತಿಲ್ಲ. ಟೆಲಿಫೋನ್ ಬೂತಿನೊಳಗೆ ಅವಿತ ಅವಳನ್ನೂ ಹಿಡಿದು ಮೆತ್ತುತ್ತಾರೆ. ಅಲ್ಲಿಂದ ಒದ್ದೆ ಕಂಬಳಿಯಲ್ಲಿ ಓಡಿ ಬಂದು, ತೋಟದಂಚಿನಲ್ಲಿ ಎಡವಿ ಹಳ್ಳಕ್ಕೆ ಬೀಳುತ್ತಾಳೆ. ಮೊದಲ ದೃಶ್ಯದಲ್ಲಿ ಹೆಣದ ಮೇಲೆ ಕಂಡ ಕೆಂಗಪ್ಪು ಕಲೆ ರಕ್ತವಲ್ಲ, ಆ ಗಸಿ. ಅದನ್ನು ಬಳಿದ ಕೈಗಳು ಅವಳವಲ್ಲ.